ಹಳೇ ಎಸಿ, ಲ್ಯಾಪ್‌ಟಾಪ್ ಮಾರ್ತೀರಾ? ಬಿಲ್ ನೋಡಿ ಬೆಲೆ ಹೇಳಬೇಡಿ

ಜರಗನಹಳ್ಳಿ: ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಹೊರಟವರು ಮೊದಲು ಮಾರೋಕೆ ನೋಡೋದು ಎಸಿ, ಟಿವಿ, ಲ್ಯಾಪ್‌ಟಾಪ್. ಚೌಕಾಸಿ ಶುರುವಾಗೋದು ಸಾಮಾನ್ಯವಾಗಿ ಒಂದೇ ಮಾತಿನಿಂದ: 'ತಗೊಂಡಾಗ ಇಷ್ಟು ಕೊಟ್ಟಿದ್ದೆ, ಬಿಲ್ ಇದೆ ನೋಡಿ.' ಎಡವಟ್ಟಾಗೋದು ಅಲ್ಲೇ. ಕೊಳ್ಳುವವರಿಗೆ ಹಳೇ ಬಿಲ್‌ನ ಮೊತ್ತ ಮುಖ್ಯ ಅಲ್ಲ. ಅದೇ ಮಾಲು ಇವತ್ತು ಅಂಗಡಿಯಲ್ಲಿ ಹೊಸದಾಗಿ ಎಷ್ಟಕ್ಕೆ ಸಿಗುತ್ತೆ ಅನ್ನೋದು ಮುಖ್ಯ.

ಈ ಲೆಕ್ಕ ಈಗ ಇನ್ನೂ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ಎಸಿ ಮತ್ತು 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 35,000 ರೂಪಾಯಿಯ ಎಸಿಗೆ ಮೊದಲು 44,800 ಕೊಡಬೇಕಿತ್ತು. ಮೂಲ ಬೆಲೆ ಬದಲಾಗದಿದ್ದರೆ ಈಗ 41,300 ಸಾಕು. ಅಂದ್ರೆ ಮನೆಯಲ್ಲಿ ಗೋಡೆಗೆ ನೇತಾಡ್ತಿದ್ದ ಹಳೇ ಎಸಿಯ ಬೆಲೆಯೂ ಕೈಗೆ ಗೊತ್ತಾಗದೇ ಕಡಿಮೆಯಾಗಿದೆ.

ಆ ಎಸಿ 3 ವರ್ಷ ಬಳಸಿದ್ದು, ಒಟ್ಟು 8 ವರ್ಷ ಬಾಳಿಕೆ ಬರುತ್ತೆ ಅಂತ ಇಟ್ಟುಕೊಂಡರೆ ಉಳಿದಿರೋದು 5 ವರ್ಷ. 41,300ರಲ್ಲಿ ಎಂಟರಲ್ಲಿ ಐದು ಪಾಲು, ಸುಮಾರು 25,800. ಹಳೇ ಬಿಲ್ ಹಿಡಿದಿದ್ದರೆ 28,000 ಆಗ್ತಿತ್ತು. ಇದೂ ಕೈಗೆ ಬರೋ ದುಡ್ಡಲ್ಲ. ಬಿಚ್ಚಿ, ಸಾಗಿಸಿ, ಮತ್ತೆ ಕೂರಿಸಿ, ಗ್ಯಾಸ್ ತುಂಬಿಸೋ ಖರ್ಚು ಕೊಳ್ಳುವವರದ್ದು. ಅದಕ್ಕೆ 4,000 ಹಿಡಿದರೆ 21,800ಕ್ಕೆ ಬಂತು. ವಾರಂಟಿ ಮುಗಿದಿದ್ದರೆ ಇನ್ನೂ ಇಳಿಯುತ್ತೆ. ಚೌಕಾಸಿ ಇಲ್ಲಿಂದ ಕೆಳಕ್ಕೇ ಹೋಗೋದು, ಮೇಲಕ್ಕಲ್ಲ. ಫ್ರಿಜ್, ವಾಷಿಂಗ್ ಮಷಿನ್‌ಗೆ ಈ ಇಳಿಕೆ ಅನ್ವಯಿಸಲ್ಲ, ಅವು ಮೊದಲೇ ಶೇ 18ರಲ್ಲಿದ್ದವು.

ಲ್ಯಾಪ್‌ಟಾಪ್ ಕಥೆ ಬೇರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಇಂಟೆಲ್ 8ನೇ ತಲೆಮಾರಿಗಿಂತ ಹಿಂದಿನ ಬಹುಪಾಲು ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ನೋಡೋಕೆ ಎರಡೂ ಒಂದೇ ಥರ ಇದ್ದರೂ 7ನೇ ತಲೆಮಾರಿನದ್ದಕ್ಕೂ 8ನೆಯದ್ದಕ್ಕೂ ಒಂದೇ ಬೆಲೆ ಕೊಡೋದು ತಪ್ಪು. ಇನ್ನೊಂದು ಕಡೆ, ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಮೆಮೊರಿ ಚಿಪ್ ತುಟ್ಟಿಯಾಯಿತು. ಹಾಗಾಗಿ 16 ಜಿಬಿ ರ್‍ಯಾಮ್ ಇರೋ ಒಳ್ಳೇ ಲ್ಯಾಪ್‌ಟಾಪನ್ನು ಹಳೇ ರೇಟಿನ ನೆನಪಲ್ಲಿ ಅಗ್ಗಕ್ಕೆ ಕೊಡಬೇಕಿಲ್ಲ. ಮಾರುವ ದಿನವೇ ಹೊಸದರ ಬೆಲೆ ವಿಚಾರಿಸಿದರೆ ಆಯ್ತು.

ಮೊಬೈಲ್‌ನಲ್ಲಿ ಬೆಲೆಗಿಂತ ಮೊದಲು ನೋಡಬೇಕಾದ್ದು ಐಎಂಇಐ. *#06# ಒತ್ತಿದರೆ ನಂಬರ್ ಬರುತ್ತೆ, ಅದನ್ನು ಸಂಚಾರ್ ಸಾಥಿಯಲ್ಲಿ ಹಾಕಿ ನೋಡಬಹುದು. ಕದ್ದದ್ದು ಅಂತ ಬ್ಲಾಕ್ ಆಗಿದ್ದರೆ ಆ ಫೋನಿಗೆ ನ್ಯಾಯವಾದ ಬೆಲೆ ಅನ್ನೋದೇ ಇಲ್ಲ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡರೆ 3 ವರ್ಷದವರೆಗೆ ಜೈಲು.

ಅಂಗಡಿಯವರು 8,000ಕ್ಕೆ ಕೊಂಡ ಫೋನನ್ನು 10,000ಕ್ಕೆ ಮಾರಿದರೆ 'ಸುಲಿಗೆ' ಅನ್ನೋದು ಸುಲಭ. ಆ 2,000ದಲ್ಲಿ ರಿಪೇರಿ, ಬಾಡಿಗೆ, ಮಾರಿದ ಮೇಲೆ ಫೋನ್ ವಾಪಸ್ ಬಂದರೆ ಆಗೋ ನಷ್ಟ ಎಲ್ಲ ಸೇರಿದೆ. ಜಿಎಸ್‌ಟಿ ನೋಂದಣಿ ಇರೋ ಹಳೇ ಮಾಲಿನ ವ್ಯಾಪಾರಿ, ಖರೀದಿ ಮೇಲೆ ಇನ್‌ಪುಟ್ ಕ್ರೆಡಿಟ್ ಪಡೆಯದಿದ್ದರೆ, ಪೂರ್ತಿ 10,000ದ ಮೇಲಲ್ಲ, ಈ ವ್ಯತ್ಯಾಸದ ಮೇಲಷ್ಟೇ ತೆರಿಗೆ ಕಟ್ಟುವ ಅವಕಾಶವೂ ನಿಯಮದಲ್ಲಿದೆ. ಆದ್ರೆ ಯುಪಿಐ ಖಾತೆಯಲ್ಲಿ ಕಾಣೋದು 10,000. ಯುಪಿಐ ಜಮಾ ನೋಡಿ ವಾಣಿಜ್ಯ ತೆರಿಗೆ ಇಲಾಖೆ 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಯಾರೂ ಮರೆತಿಲ್ಲ. 8,000 ಯಾರಿಗೆ, ಯಾವತ್ತು, ಯಾವ ಐಎಂಇಐಗೆ ಕೊಟ್ಟಿದ್ದು ಅಂತ ಪುಸ್ತಕದಲ್ಲಿ ಬರೆದು ಮಾರಿದವರ ಸಹಿ ಹಾಕಿಸಿಕೊಳ್ಳದಿದ್ದರೆ, ಲಾಭ 2,000 ಮಾತ್ರ ಅಂತ ತೋರಿಸೋಕೆ ಅಂಗಡಿಯವರ ಕೈಯಲ್ಲಿ ಏನೂ ಇರಲ್ಲ.