ಸರ್ಟಿಫಿಕೇಟ್ ಬಂತು, ಅಭ್ಯಾಸ ಬಂತೇ?

ಆರೋಗ್ಯದ ಬಗ್ಗೆ ಆನ್‌ಲೈನ್ ಕೋರ್ಸ್‌ಗಳಿಗೆ ಈಗ ಬರವಿಲ್ಲ. ಲಿಂಕ್ ಬರುತ್ತದೆ, ವಿಡಿಯೊ ಓಡುತ್ತದೆ, ಹತ್ತು ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ನಮ್ಮ ಹೆಸರಿನ ಸರ್ಟಿಫಿಕೇಟ್ ಸ್ಟೇಟಸ್‌ಗೆ ಏರುತ್ತದೆ. ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯಾದ ನಾನೂ ಇಂಥ ಕೆಲವು ಕೋರ್ಸ್ ಮುಗಿಸಿದ್ದೇನೆ. ನನ್ನ ತಕರಾರು ಕೋರ್ಸ್‌ಗಳ ಮೇಲಲ್ಲ, ಅವುಗಳನ್ನು ಕಟ್ಟುವ ರೀತಿಯ ಮೇಲೆ. ನಾನು ನೋಡಿದವು ಕಲಿಸುವವರ ಬಳಿ ಇರುವ ಸ್ಲೈಡ್‌ಗಳಿಂದ ಶುರುವಾಗುತ್ತವೆ, ಕಲಿಯುವವರ ಬದುಕಿನಿಂದಲ್ಲ.

ಈ ಕ್ರಮವನ್ನು ಸರಿಪಡಿಸಲೆಂದೇ ಬೋಧನಾ ವಿನ್ಯಾಸದ ಮಾದರಿಗಳಿವೆ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಆ್ಯಡಿ’. 1975ರಲ್ಲಿ ಅಮೆರಿಕದ ಸೇನೆಯ ತರಬೇತಿಗಾಗಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಕ್ರಮದಿಂದ ಬೆಳೆದುಬಂದ ಮಾದರಿ ಇದು. ಇದರಲ್ಲಿ ಐದು ಹಂತಗಳಿವೆ: ವಿಶ್ಲೇಷಣೆ, ವಿನ್ಯಾಸ, ತಯಾರಿ, ಅನುಷ್ಠಾನ, ಮೌಲ್ಯಮಾಪನ. ನಾವು ಸಾಮಾನ್ಯವಾಗಿ ಮೂರನೆಯ ಹಂತಕ್ಕೇ ಹಾರುತ್ತೇವೆ. ಯಾರಿಗಾಗಿ, ಯಾಕಾಗಿ ಎಂದು ಕೇಳುವ ಮೊದಲೇ ವಿಡಿಯೊ ತಯಾರಾಗಿರುತ್ತದೆ.

ರಕ್ತಹೀನತೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. ಅಂದರೆ ಇದು ನಮ್ಮದೇ ವಯಸ್ಸಿನವರ ಸಮಸ್ಯೆ. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡುವ ಸರ್ಕಾರಿ ಕಾರ್ಯಕ್ರಮವಿದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇರುತ್ತದೆ. ಹಿಮೋಗ್ಲೋಬಿನ್ ಎಂದರೇನು ಎಂಬುದು ನಮಗೆ ಪಠ್ಯಪುಸ್ತಕದಿಂದಲೇ ಗೊತ್ತು. ಆದರೂ ಮಾತ್ರೆ ಬ್ಯಾಗಿನಲ್ಲೇ ಉಳಿಯುತ್ತದೆ. ಯಾಕೆ?

ವಿಶ್ಲೇಷಣೆಯ ಹಂತದಲ್ಲಿ ಕೇಳಬೇಕಾದದ್ದು ಇದನ್ನೇ. ಒಬ್ಬಳಿಗೆ ಹಸಿದ ಹೊಟ್ಟೆಯಲ್ಲಿ ನುಂಗಿದಾಗ ವಾಕರಿಕೆ ಬಂದಿರಬಹುದು. ಇನ್ನೊಬ್ಬಳು ಮಲ ಕಪ್ಪಾದದ್ದನ್ನು ಕಂಡು ಹೆದರಿರಬಹುದು. ಕಬ್ಬಿಣಾಂಶದ ಮಾತ್ರೆ ತಿಂದಾಗ ಹಾಗಾಗುವುದು ಸಹಜ ಎಂದು ಅವಳಿಗೆ ಯಾರೂ ಹೇಳಿರಲಿಕ್ಕಿಲ್ಲ. ‘ಮಧ್ಯಾಹ್ನದ ಊಟದ ನಂತರ ತೆಗೆದುಕೊಳ್ಳಿ’ ಎನ್ನುವ ಪಾಠ ರಂಝಾನ್ ತಿಂಗಳಲ್ಲಿ ಉಪವಾಸವಿರುವವಳಿಗೆ ಉಪಯೋಗಕ್ಕೆ ಬಾರದು. ಇಫ್ತಾರ್ ನಂತರ, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ತೆಗೆದುಕೊಳ್ಳಬಹುದು ಎಂಬ ಒಂದು ಸಾಲು ಸಾಕಿತ್ತು. ಊಟವಾದ ಕೂಡಲೇ ಚಹಾ ಕುಡಿಯುವುದು ನಮ್ಮ ಮನೆಗಳಲ್ಲಿ ರೂಢಿ. ಆ ಚಹಾ ಕಬ್ಬಿಣಾಂಶ ಹೀರಿಕೆಗೆ ಅಡ್ಡಿಯಾಗುತ್ತದೆ, ನಿಂಬೆರಸ, ಪೇರಳೆ, ನೆಲ್ಲಿಕಾಯಿ ನೆರವಾಗುತ್ತವೆ. ಇಂಥ ಸಂಗತಿಗಳು ಕೋರ್ಸಿನ ಕೊನೆಯ ಸ್ಲೈಡ್‌ನಲ್ಲಲ್ಲ, ಮೊದಲ ಪಾಠದಲ್ಲೇ ಇರಬೇಕು.

ಫೋನಿನ ವಿಷಯವೂ ಇದೆ. ಎಷ್ಟೋ ಮನೆಗಳಲ್ಲಿ ಒಂದೇ ಫೋನನ್ನು ಅಣ್ಣ, ತಂಗಿ, ಉಮ್ಮ ಹಂಚಿಕೊಳ್ಳುತ್ತಾರೆ. ಅಲ್ಲಿ ಮುಕ್ಕಾಲು ಗಂಟೆಯ ವಿಡಿಯೊಗಿಂತ ಐದು ನಿಮಿಷದ ಆಡಿಯೊ ಹೆಚ್ಚು ದೂರ ಹೋಗುತ್ತದೆ. ಮುಟ್ಟಿನ ಬಗ್ಗೆ ಹೇಳುವ ಪಾಠವನ್ನು ಎಲ್ಲರೂ ಕುಳಿತಿರುವ ಕೋಣೆಯಲ್ಲಿ ಜೋರಾಗಿ ಕೇಳಲಾಗದು, ಅದು ಓದುವಂತಿರಬೇಕು.

ಕೊನೆಯದು ಮೌಲ್ಯಮಾಪನ. ತರಬೇತಿಯ ಫಲವನ್ನು ನಾಲ್ಕು ಮಟ್ಟಗಳಲ್ಲಿ ಅಳೆಯಬೇಕೆಂದು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದರು: ಕಲಿತವರಿಗೆ ಹಿಡಿಸಿತೇ, ಅವರು ಏನು ಕಲಿತರು, ನಡವಳಿಕೆ ಬದಲಾಯಿತೇ, ಅದರಿಂದ ಫಲ ಸಿಕ್ಕಿತೇ? ನಮ್ಮ ಕ್ವಿಜ್‌ಗಳು ಎರಡನೆಯ ಮಟ್ಟದಲ್ಲೇ ನಿಲ್ಲುತ್ತವೆ. ಆರೋಗ್ಯ ಶಿಕ್ಷಣದ ಪರೀಕ್ಷೆ ಇರುವುದು ಮೂರನೆಯದರಲ್ಲಿ.

‘ಇಷ್ಟೆಲ್ಲ ಯಾಕೆ, ಒಬ್ಬ ವೈದ್ಯರನ್ನು ಕರೆಸಿ ಭಾಷಣ ಮಾಡಿಸಿದರೆ ಸಾಲದೇ’ ಎಂದು ಕೆಲವರು ಕೇಳಬಹುದು. ವೈದ್ಯರು ಖಂಡಿತ ಬೇಕು. ಪಾಠದಲ್ಲಿ ತಪ್ಪು ನುಸುಳದಂತೆ ನೋಡಬೇಕಾದವರು ಅವರೇ. ಯಾವ ಕೋರ್ಸೂ ರಕ್ತಪರೀಕ್ಷೆಗೆ ಬದಲಿಯಲ್ಲ ಎಂಬುದೂ ನಿಜ. ಆದರೆ ಮಾತ್ರೆ ಯಾಕೆ ಬ್ಯಾಗಿನಲ್ಲಿ ಉಳಿಯಿತು ಎಂಬುದು ವೈದ್ಯರಿಗಿಂತ ನಮಗೇ ಚೆನ್ನಾಗಿ ಗೊತ್ತು.

ಆದ್ದರಿಂದ ನಮ್ಮ ಜೀವಶಾಸ್ತ್ರ ವಿಭಾಗದ ಉಪನ್ಯಾಸಕರಲ್ಲಿ ಒಂದು ವಿನಂತಿ. ಈ ವರ್ಷ ರಕ್ತಹೀನತೆಯ ಬಗ್ಗೆ ಒಂದು ಚಿಕ್ಕ ಆನ್‌ಲೈನ್ ಕೋರ್ಸನ್ನು ನಾವೇ ರೂಪಿಸೋಣ. ಕ್ಯಾಮೆರಾ ಹಿಡಿಯುವ ಮೊದಲು ಮೂವತ್ತು ವಿದ್ಯಾರ್ಥಿಗಳೊಡನೆ, ಹೆಸರು ಬರೆದುಕೊಳ್ಳದೆ, ಮಾತಾಡೋಣ. ಕೋರ್ಸ್ ಮುಗಿದು ಒಂದು ತಿಂಗಳಾದ ಮೇಲೆ ಮತ್ತೆ ಕೇಳೋಣ: ಈ ವಾರ ಮಾತ್ರೆ ತೆಗೆದುಕೊಂಡಿರಾ? ಸರ್ಟಿಫಿಕೇಟ್ ಕೊಡುವುದಾದರೆ ಆಮೇಲೆ ಕೊಡಿ.