ಹೊರೆ ಹೊತ್ತವಳನ್ನೇ ಕೇಳಿ

ರಾಶಿ ಮಷಿನ್ ಹಚ್ಚಿಕೊಂಡು ಆಳಂದ, ಅಫಜಲಪುರ, ಜೇವರ್ಗಿ ಸುತ್ತುವವ ನಾನು. ತೊಗರಿ ರಾಶಿ ಶುರುವಾಯಿತೆಂದರೆ ದುಡಿದದ್ದರಲ್ಲಿ ದೊಡ್ಡ ಪಾಲು ಡೀಸೆಲ್ ಬಂಕಿಗೇ. ಹೋದ ಸಲ ಜೇವರ್ಗಿ ಕಡೆಯ ಹೊಲದಲ್ಲಿ ಕಾಲೇಜು ಹುಡುಗನೊಬ್ಬ ತೊಗರಿಯ ಬುಡದ ಕಟ್ಟಿಗೆ ತೋರಿಸಿ, ‘ಕಾಕಾ, ಇದರಲಿಂದ ಗ್ಯಾಸ್ ಮಾಡಿ ಟ್ರ್ಯಾಕ್ಟರ್ ಓಡಸ್ಲಾಕ ಬರ್ತದ. ಡೀಸೆಲ್ ಯಾಕ ಸುಡ್ತೀರಿ?’ ಅಂದ.

ಹುಡುಗ ಸುಳ್ಳು ಹೇಳಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಿದ್ದಾಗ ನಮ್ಮ ದೇಶದಲ್ಲೂ ಇದ್ದಿಲು ಬಸ್ಸುಗಳು ಓಡಿದವು. ಬಸ್ಸಿಗೊಂದು ಹಂಡೆಯಂಥ ಒಲೆ. ಗಾಳಿ ತಿರುವಿ, ಕೆಂಡ ಕಾಯುವತನಕ ಕೂತು, ಆಮೇಲೆ ಪ್ರಯಾಣ. ಗಾಳಿ ಸಾಲದಂತೆ ಉರಿಸಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ನೇ ಎಂಜಿನ್ನಿನ ಮೇವು. ಆದರೆ ಆ ಗ್ಯಾಸಿನಲ್ಲಿ ಹೆಚ್ಚೂಕಡಿಮೆ ಅರ್ಧ, ಉರಿಯದ ಸಾರಜನಕ. ಪೆಟ್ರೋಲ್ ಎಂಜಿನ್ನಿನ ಬಲ ಮೂರರಲ್ಲೊಂದು ಪಾಲಾದರೂ ಇಳಿಯುತ್ತದೆ. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಸುಮಾರು 3 ಕಿಲೊ ಒಣ ಕಟ್ಟಿಗೆ ಬೇಕು. ಟಾರು ಸೋಸದಿದ್ದರೆ ವಾಲ್ವು ಹಿಡಿಯುತ್ತದೆ. ನನ್ನ ಡೀಸೆಲ್ ಎಂಜಿನ್ನಂತೂ ಇದ್ದ ಹಾಗೇ ಬರೀ ಈ ಗ್ಯಾಸಿಗೆ ಹೊತ್ತಿಕೊಳ್ಳುವುದಿಲ್ಲ, ಜೊತೆಗಿಷ್ಟು ಡೀಸೆಲ್ ಬೇಕೇ ಬೇಕು. ಹಸಿ ಎರೆಭೂಮಿಯಲ್ಲಿ ಗಾಲಿ ಹುಗಿದಾಗ ಒಲೆ ಊದುತ್ತ ಕೂಡುವ ತಾಳ್ಮೆ ನನಗಿಲ್ಲ.

ಒಂದೇ ಕಡೆ ಕೂತು ನಡೆಯುವ ಎಂಜಿನ್ನಿನ ಮಾತು ಬೇರೆ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಕಟ್ಟಿಗೆ ಗ್ಯಾಸಿನಿಂದ ಎಂಜಿನ್ ನಡೆಸಿ ದೀಪ ಹಚ್ಚಿದರು. ಮುಂದೆ ಕುಡಿಯುವ ನೀರು, ಹಿಟ್ಟಿನ ಗಿರಣಿಯೂ ಅದರಿಂದಲೇ ನಡೆದವು. ಅಲ್ಲಿ ಕಟ್ಟಿಗೆಗೆಂದೇ ಗಿಡ ಬೆಳೆಸಿದ್ದರು. ಕಲಬುರಗಿಯ ದಾಲ್‌ಮಿಲ್ಲುಗಳು ಹಾಗೊಂದು ಪ್ರಯತ್ನ ಮಾಡಲಿ, ನನ್ನ ತಕರಾರಿಲ್ಲ.

ತಕರಾರಿರುವುದು ‘ತೊಗರಿ ಕಟ್ಟಿಗೆ ಪುಕ್ಕಟೆ ಬಿದ್ದಿದೆ’ ಎಂಬ ಮಾತಿಗೆ. ಹೊಟ್ಟು ದನಕ್ಕಾಯಿತು. ಉಳಿದ ಕಟ್ಟಿಗೆಯನ್ನು ತೊಗರಿ ಕೊಯ್ದ ಹೆಂಗಸರೇ ಸಂಜೆ ಹೊರೆ ಕಟ್ಟಿ ತಲೆ ಮೇಲೆ ಹೊತ್ತು ಒಯ್ಯುವುದನ್ನು ನಾನು ಹೊಲ ಹೊಲದಲ್ಲೂ ನೋಡುತ್ತೇನೆ. ಮನೆಯಲ್ಲಿ ಸಿಲಿಂಡರ್ ಇದ್ದರೂ ಜೋಳದ ರೊಟ್ಟಿಗೆ ಕಟ್ಟಿಗೆ ಒಲೆಯೇ. ಮಿಲ್ಲಿನವರು ಬಂದು ಹೊಲದ ಮಾಲೀಕನಿಗೆ ರೊಕ್ಕ ಎಣಿಸಿ ಲಾರಿ ತುಂಬಿಕೊಂಡರೆ ಆಕೆ ಏನು ಉರಿಸಬೇಕು? ಬೇಕಿದ್ದರೆ ಬದುವಿನ ಮೇಲೆ ತಕ್ಕಡಿ ಇಟ್ಟು, ತೂಗಿ, ರೊಕ್ಕ ಆಕೆಯ ಕೈಗೇ ಕೊಡಲಿ.

ಹುಡುಗನಿಗೂ ಇದನ್ನೇ ಹೇಳಿದೆ. ‘ಹಂಗಾದ್ರ ಕ್ವಿಂಟಲ್‌ಗಿ ಎಷ್ಟ್ ಕೊಡ್ಬೇಕು ಕಾಕಾ?’ ಅಂದ. ಹೊರೆ ಹೊತ್ತು ಬದು ದಾಟುತ್ತಿದ್ದವಳ ಕಡೆ ಕೈ ತೋರಿಸಿದೆ.