ಶಾಲು ಆಮೇಲೆ, ಬಾಕಿ ಮೊದಲು

ಚಿತ್ರದುರ್ಗದ ಮಾನ್ಯ ಜಿಲ್ಲಾಧಿಕಾರಿಗಳಿಗೆ,



ರಾಜ್ಯೋತ್ಸವ ಹತ್ತಿರ ಬಂದಂತೆ ಸಾಧಕರ ಹುಡುಕಾಟ ಶುರುವಾಗುತ್ತದೆ. ಸ್ವವಿವರ, ಪೇಪರ್ ಕಟಿಂಗ್, ದೊಡ್ಡವರ ಶಿಫಾರಸು ಸೇರಿಸಿ ಫೈಲು ಕಟ್ಟಲು ಬಲ್ಲವರು ಸಾಲಿನಲ್ಲಿ ಮುಂದಿರುತ್ತಾರೆ. ಊರಿನ ಆರೋಗ್ಯ ಕಾಯುವವರಿಗೆ ಆ ವಿದ್ಯೆ ಬಾರದು. ಹಾಗಾಗಿ ಅವರ ಪರವಾಗಿ ಬರೆಯುತ್ತಿದ್ದೇನೆ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರನ್ನೂ ನೀರುಗಂಟಿಗಳನ್ನೂ ಈ ಸಲ ತಾವು ಗೌರವಿಸಬೇಕು. ಹೇಗೆ ಗೌರವಿಸಬೇಕು ಎಂಬಲ್ಲಿ ಮಾತ್ರ ನನ್ನದೊಂದು ತಕರಾರಿದೆ.

ನಮ್ಮ ಕುದಾಪುರ ಎಂದರೆ ಹೊರಗಿನವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆ. ಆ ಕಾಂಪೌಂಡಿನಾಚೆ ಮ್ಯಾಸಬೇಡರ, ಕಾಡುಗೊಲ್ಲರ ಹಟ್ಟಿಗಳಿವೆ. ಕುರಿ, ಶೇಂಗಾ, ಮಳೆ ಕಾಣದ ಬಯಲು ಇದೆ. ಬಾಣಂತಿಯನ್ನು ಹಸುಗೂಸಿನೊಡನೆ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಿಸುವ ಪದ್ಧತಿ ಈ ಸೀಮೆಯಿಂದ ಇನ್ನೂ ಪೂರ್ತಿ ತೊಲಗಿಲ್ಲ. ಅದನ್ನು ಬಿಡಿಸಲು ಅಧಿಕಾರಿಗಳ ಜೀಪು ಬಂದರೆ ಊರು ಬಾಯಿ ಮುಚ್ಚುತ್ತದೆ. ಆಶಾ ಬಂದರೆ ಅಜ್ಜಿಯರು ಜಗಳಕ್ಕಾದರೂ ಕೂರುತ್ತಾರೆ, ಬೈಯುತ್ತಾರೆ, ಒಂದು ದಿನ ಒಪ್ಪಲೂಬಹುದು. ಚೊಚ್ಚಲ ಬಸುರಿ ಗಡಿಯಾಚೆ ರಾಯದುರ್ಗದ ಕಡೆಯ ತವರಿಗೆ ಹೋದರೆ, ತಾಯಿ ಕಾರ್ಡ್ ಒಯ್ದಿದ್ದಾಳೋ, ಕಬ್ಬಿಣದ ಮಾತ್ರೆ ನುಂಗುತ್ತಿದ್ದಾಳೋ ಎಂದು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಫೋನಿನಲ್ಲೇ ವಿಚಾರಿಸುವವಳೂ ಅವಳೇ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3ನೇ ದಿನದಿಂದ 42ನೇ ದಿನದೊಳಗೆ ಆರು ಸಲ ಮನೆಗೆ ಹೋಗಿ ನೋಡಬೇಕು, ತೂಕ ಬರೆಯಬೇಕು, ಜ್ವರ ಪರೀಕ್ಷಿಸಬೇಕು. ಆರೂ ಭೇಟಿಗೆ ಸೇರಿ ಪ್ರೋತ್ಸಾಹಧನ 250 ರೂಪಾಯಿ.

ಇನ್ನು ನೀರುಗಂಟಿ. ಟ್ಯಾಂಕ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕುವವನ ನೆನಪು ನಮಗೆ ಬರುವುದು ನಲ್ಲಿ ನಿಂತಾಗ ಮಾತ್ರ. 2023ರ ಆಗಸ್ಟ್‌ನಲ್ಲಿ ತಮ್ಮ ಕಚೇರಿ ಇರುವ ನಗರದಲ್ಲೇ, ಕವಾಡಿಗರಹಟ್ಟಿಯಲ್ಲಿ, ಕಲುಷಿತ ನೀರು ಕುಡಿದು ಜನ ಸತ್ತರು. ಹಾಗಾಗದಂತೆ ವರ್ಷಗಟ್ಟಲೆ ನೋಡಿಕೊಂಡ ಊರುಗಳು ಸುದ್ದಿಯಾಗುವುದಿಲ್ಲ. ಪ್ರಶಸ್ತಿಗೆ ಹೆಸರು ಹುಡುಕಬೇಕಾದ್ದು ಅಲ್ಲಿ.

ನೆರೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ತಮಗೆ ಗೊತ್ತೇ ಇದ್ದಾರೆ. ಅಜ್ಜಿಯಿಂದ ವಿದ್ಯೆ ಕಲಿತು, ಏಳು ದಶಕ ಕಾಸು ಕೇಳದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ನಾವೆಲ್ಲ ಹೆಮ್ಮೆಪಟ್ಟೆವು, ಸರಿ. ಆದರೆ ಆ ಹೆಮ್ಮೆಯಲ್ಲಿ ಒಂದು ಅಪಾಯವೂ ಇದೆ. ಕಾಸಿಲ್ಲದೆ ದುಡಿಯುವುದೇ ಸೇವೆ ಎಂದು ಸರ್ಕಾರ ಪಾಠ ಕಲಿತುಬಿಟ್ಟರೆ ನರಸಮ್ಮನವರ ಮೊಮ್ಮಕ್ಕಳ ವಯಸ್ಸಿನ ಹೆಣ್ಣುಮಕ್ಕಳ ಗತಿ ಏನು?

ಕಲಿತಂತೆಯೇ ಕಾಣುತ್ತದೆ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಮೂರು ವರ್ಷ ತುಂಬುವ ಮೊದಲೇ, 2025ರ ಜನವರಿಯಲ್ಲಿ, ನಮ್ಮ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಧರಣಿ ಕೂತರು. ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆದು ಎದ್ದರು. ಅದೇ ಮಾತಿಗಾಗಿ ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿದರು. ಮಾಡಿದ ಕೆಲಸ ಸರ್ಕಾರಿ ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದೆ ದುಡ್ಡು ಕೈತಪ್ಪುತ್ತದೆ ಎಂಬುದು ಅವರ ಹಳೆಯ ದೂರು.

ನಮ್ಮ ಪಕ್ಕದ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದ ಸಂತರು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಅವರ ಮಾತು. ರಥೋತ್ಸವದ ದಿನ ಲಕ್ಷಾಂತರ ಜನ ಅದನ್ನು ನೆನೆಯುತ್ತಾರೆ. ಈ ಮಣ್ಣಿನಲ್ಲೇ ಮಾಡಿದಷ್ಟು ಸಿಗದ ಹೆಂಗಸರಿಗೆ ಹಾರ ಹಾಕಿ ಕಳಿಸುವುದು ನನಗೆ ಸರಿ ಕಾಣುತ್ತಿಲ್ಲ.

ಅರ್ಜಿ ಕರೆಯಬೇಡಿ. ಗ್ರಾಮಸಭೆಯಲ್ಲಿ, ಹಟ್ಟಿಗಳಲ್ಲಿ, ಲಸಿಕೆ ದಿನ ಅಂಗನವಾಡಿಗೆ ಬಂದ ತಾಯಂದಿರನ್ನು ಕೇಳಿ ಹೆಸರು ಪಡೆಯಿರಿ. ಸಮಾರಂಭವನ್ನು ದುರ್ಗದ ರಂಗಮಂದಿರದಲ್ಲಿ ಮಾಡಿದರೆ ಅವರ ಒಂದು ದಿನದ ದುಡಿಮೆ ಬಸ್ಸಿನಲ್ಲೇ ಕಳೆಯುತ್ತದೆ, ನಾಯಕನಹಟ್ಟಿಯಲ್ಲಿ ಮಾಡಿ. ರಾಜ್ಯಮಟ್ಟದ ಗೌರವಧನ ತಮ್ಮ ಕೈಯಲ್ಲಿಲ್ಲ ಎಂಬುದು ನನಗೆ ಗೊತ್ತು. ಆದರೆ ಎರಡೂ ತಾಲ್ಲೂಕಿನಲ್ಲಿ ಯಾರಿಗೆ ಎಷ್ಟು ಪ್ರೋತ್ಸಾಹಧನ ಬಾಕಿ ಇದೆ, ಪೋರ್ಟಲ್‌ನಲ್ಲಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಾಲ್ಲೂಕು ಆರೋಗ್ಯಾಧಿಕಾರಿಗಳಿಂದ ಪಟ್ಟಿ ತರಿಸುವುದು ತಮ್ಮ ಒಂದು ಸಹಿಯ ಕೆಲಸ. ಆ ಪಟ್ಟಿಯನ್ನು ತರಿಸಿ, ನವೆಂಬರ್ 1ರೊಳಗೆ ಬಾಕಿ ತೀರಿಸಲು ಆದೇಶಿಸಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ಕುದಾಪುರ ಸೀಮೆಯ ಒಬ್ಬ ನಾಗರಿಕ